ಮೇಲೊಬ್ಬರು, ಕೆಳಗಿಬ್ಬರು

ಭಾನುವಾರ ಬೆಳಗ್ಗೆ ದೋಸೆ ಕಾವಲಿಯ ಮುಂದೆ ನಿಂತಿದ್ದಾಗ ಫೋನು ಒಂದೇ ಸಮನೆ ಟಿಂಗ್ ಟಿಂಗ್ ಎನ್ನತೊಡಗಿತು. ನೆಲಮಂಗಲದಿಂದ ನಮ್ಮ ನಾದಿನಿ ರೂಪಾ ಮಂಚದ ಫೋಟೋಗಳನ್ನು ಕಳಿಸುತ್ತಿದ್ದಳು. ಒಂದರ ಮೇಲೊಂದು ಹಾಸಿಗೆ ಇರುವ, ಮಕ್ಕಳು ಏಣಿ ಹತ್ತಿ ಮಲಗುವ ಎರಡಂತಸ್ತಿನ ಮಂಚಗಳು. ಕಬ್ಬಿಣದ್ದು, ಮರದ್ದು, ಪಕ್ಕದಲ್ಲಿ ಜಾರುಬಂಡೆ ಇರುವುದು. ಒಂದಂತೂ ಥೇಟ್ ಕೆಂಪು ಬಸ್ಸು. ಕೊನೆಗೆ ಅವಳ ದನಿ: "ಅತ್ತಿಗೆ, ನಮ್ಮನೆ ಎರಡು ಕೋತಿಗಳಿಗೆ ಇಂಥದ್ದೊಂದು ಮಂಚ ತಗೋಬೇಕು ಅಂತಿದ್ದೀವಿ. ಸೇಫಾಗೂ ಇರ್ಬೇಕು, ಮಲಗೋಕೆ ಸುಖವಾಗೂ ಇರ್ಬೇಕು. ನೀವು ತಗೊಂಡಿದ್ರಲ್ಲ, ಯಾವ್ದು ಒಳ್ಳೇದು ಹೇಳಿ. ಇವತ್ತೇ ಹೇಳ್ಬೇಕು. ಇವ್ರು ಸೋಂಪುರದಿಂದ ಶಿಫ್ಟ್ ಮುಗಿಸ್ಕೊಂಡು ಬಂದ್ಮೇಲೆ ಅಂಗಡಿಗೆ ಹೋಗ್ತೀವಿ."

ಇಷ್ಟು ಕೇಳುವಷ್ಟರಲ್ಲಿ ಒಂದು ದೋಸೆ ಸೀದುಹೋಯಿತು. ಸೀದದ್ದು ಮನೆಯೊಡತಿಯ ಪಾಲಿಗೆ ಎನ್ನುವುದು ನಿಮಗೂ ಗೊತ್ತಿರುವ ಕಾನೂನೇ. ಅದನ್ನು ಪಕ್ಕಕ್ಕಿಟ್ಟು ಉತ್ತರ ಬರೆಯಲು ಕೂತೆ. ಕೂತರೆ ಬೆರಳು ಮುಂದೆ ಹೋಗಲಿಲ್ಲ. ನಮ್ಮ ಮನೆಯ ಮಂಚದ ವಿಚಾರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ರೂಪಾಳಿಗೆ ಅವಸರ; ನಿಮಗೆ ಪುರಸೊತ್ತಿದ್ದರೆ ಕೇಳಿ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ನಾನು ಚೆಕಿಂಗ್ ವಿಭಾಗದವಳು. ಹೊಲಿದು ಬಂದ ಶರ್ಟನ್ನು ಒಳಗೆ ಹೊರಗೆ ತಿರುಗಿಸಿ, ಹೊಲಿಗೆ ಬಿಟ್ಟಿದೆಯೇ, ಗುಂಡಿ ಸಡಿಲವೇ, ದಾರ ನೇತಾಡುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ದಿನವಿಡೀ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಳ್ಳುವವಳಿಗೆ, ಮನೆಗೆ ಬಂದಮೇಲೆ ಕಣ್ಣು ಮುಚ್ಚಿಕೋ ಎಂದರೆ ಆಗುತ್ತದೆಯೇ? ನಮ್ಮ ಬೀದಿಯ ತರಕಾರಿಯವನಿಗೆ ನಾನು ಬರುವುದು ಕಂಡರೆ ಮುಖ ಸಪ್ಪಗಾಗುತ್ತದೆ. ನಮ್ಮ ಮನೆಯವರು ನೆಂಟರ ಮುಂದೆ, "ಹೆಣ್ಣು ನೋಡೋಕೆ ಹೋದ ದಿನ ಇವ್ಳೇ ನನ್ನ ಹಿಂದೆ ಮುಂದೆ ತಿರುಗ್ಸಿ ನೋಡಿದ್ಳು, ಅದ್ಹೆಂಗೆ ಪಾಸ್ ಮಾಡಿದ್ಳೋ ಏನೋ" ಎನ್ನುತ್ತಾರೆ. ಅವತ್ತು ಲೈಟು ಸರಿಯಾಗಿರಲಿಲ್ಲ ಎಂದು ನಾನೂ ಹೇಳುತ್ತೇನೆ.

ಮಂಚ ತಂದ ಕಾಲಕ್ಕೆ ಮಗಳು ಹರ್ಷಿತಾಳಿಗೆ ಒಂಬತ್ತು, ಮಗ ತೇಜುಗೆ ಐದು. ಮನೆಯಲ್ಲಿ ಇದ್ದದ್ದು ಎರಡು ಕೋಣೆ. ಒಂದರಲ್ಲಿ ನಾವಿಬ್ಬರು, ಇನ್ನೊಂದರಲ್ಲಿ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ನಮ್ಮತ್ತೆ, ಅವರ ಎಡಕ್ಕೊಂದು ಬಲಕ್ಕೊಂದು ಮಗು. ನಮ್ಮತ್ತೆ ಎಂದರೆ ಸಾಮಾನ್ಯರಲ್ಲ. ಬಾಗಿಲ ಚೌಕಟ್ಟಿಗೆ ತಲೆ ತಾಗುತ್ತದೇನೋ ಎನ್ನುವಷ್ಟು ಎತ್ತರದ ಹೆಂಗಸು. ಹೊಲದಲ್ಲಿ ನಿಂತರೆ ಯಾರ ಹೊಲ ಎಂದು ರಸ್ತೆಯಿಂದಲೇ ಗೊತ್ತಾಗುತ್ತಿತ್ತಂತೆ. ಅಂಥವರು ಎರಡು ಮಕ್ಕಳ ನಡುವೆ ಗಡಿಕಲ್ಲಿನಂತೆ ಮಲಗಿದರೂ ಆ ಕಡೆಯಿಂದ ಈ ಕಡೆಗೆ ಒದೆತ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಅತ್ತೆಯ ಸೊಂಟ ಹಿಡಿದಿರುತ್ತಿತ್ತು. ಯಲಹಂಕದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಮಕ್ಕಳು ಅಂಥದ್ದೊಂದು ಮಂಚ ನೋಡಿಕೊಂಡು ಬಂದರು ನೋಡಿ, ಶುರುವಾಯಿತು ರಾಗ.

ನನಗೂ ಆಸೆ ಇತ್ತು. ಘಾಟಿ ಕಡೆಯ ನಮ್ಮ ಹಳ್ಳಿಯಲ್ಲಿ ನಾವು ಮಲಗಿ ಬೆಳೆದ ರೀತಿಯೇ ಬೇರೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಲ್ಲ ಸೇರಿ ಹಜಾರದಲ್ಲಿ ಒಂದೇ ಜಮಖಾನ. ಒಬ್ಬಳ ಜಡೆ ಇನ್ನೊಬ್ಬಳ ಬೆನ್ನ ಕೆಳಗೆ, ಒಬ್ಬನ ಕಾಲು ಇನ್ನೊಬ್ಬನ ಬಾಯಿಗೆ. ನನಗೆ ಸಿಗುತ್ತಿದ್ದದ್ದು ಯಾವಾಗಲೂ ಬಾಗಿಲ ಬಳಿಯ ಜಾಗ. ಹೊರಗೆ ಹೋಗಬೇಕಾದವರೆಲ್ಲ ನನ್ನನ್ನು ದಾಟಿಕೊಂಡೇ ಹೋಗಬೇಕು. ಒಳಗಿನಿಂದ ನಮ್ಮಜ್ಜಿ ಕೂಗುತ್ತಿದ್ದರು: "ಮಲಗಿರೋ ಮಗೀನ ದಾಟಬೇಡ್ರೋ, ಬೆಳೆಯಾಕಿಲ್ಲ! ದಾಟಿದ್ದನ್ನ ವಾಪಸ್ ದಾಟ್ರೋ!" ನಮ್ಮ ಸೀಮೆಯಲ್ಲಿ ಇದು ತಿಳಿಯದ ಮನೆಯಿಲ್ಲ. ಮಲಗಿದ ಮಗುವನ್ನು ದಾಟಿದರೆ ಅದರ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಮರೆತು ದಾಟಿದವರು ಅದೇ ದಾರಿಯಲ್ಲಿ ಹಿಂದಕ್ಕೆ ದಾಟಿ ತಪ್ಪು ತಿದ್ದಿಕೊಳ್ಳಬೇಕು. ದಾಟುವ ಅಣ್ಣಂದಿರಿಗೆ ಆ ವ್ಯವಧಾನ ಎಲ್ಲಿ? ನನ್ನ ಮಕ್ಕಳಿಗಾದರೂ ತಮ್ಮದು ಎನ್ನುವ ಒಂದು ಹಾಸಿಗೆ ಇರಲಿ ಎಂದು ನನಗನ್ನಿಸಿದ್ದು ಸುಳ್ಳಲ್ಲ.

ಅಂಗಡಿ ಅಂಗಡಿ ತಿರುಗಿದೆವು. ನಾನು ಒಂದೊಂದು ಮಂಚವನ್ನೂ ಹಿಡಿದು ಅಲ್ಲಾಡಿಸಿದೆ. ಒಂದು ಅಂಗಡಿಯಲ್ಲಿ ಏಣಿ ಗೋಡೆಗೆ ಅಂಟಿದ ಹಲ್ಲಿಯ ಹಾಗೆ ನೆಟ್ಟಗೆ ನಿಂತಿತ್ತು, ಮೆಟ್ಟಿಲು ಬರೀ ಕಂಬಿ. ಎಳೆ ಪಾದ ಒತ್ತುವುದಿಲ್ಲವೇ ಎಂದು ಕೇಳಿದರೆ, ಮಕ್ಕಳು ಹಾರಿಕೊಂಡು ಹೋಗುತ್ತಾರೆ ಮೇಡಂ ಎಂದ ಅಂಗಡಿಯವನು. ಅದೇ ನನ್ನ ಭಯ ಎಂದೆ. ಇನ್ನೊಂದರಲ್ಲಿ ಮೇಲಿನ ಮಂಚದ ಕಟಕಟೆ ಒಂದು ಗೇಣೂ ಇರಲಿಲ್ಲ. ಮತ್ತೊಂದರ ಕಟಕಟೆಯ ಸಂದಿಯಲ್ಲಿ ತೇಜು ತಲೆ ತೂರಿಸಿ, ವಾಪಸ್ ತೆಗೆಯಲಾಗದೆ ಅಳತೊಡಗಿದ. ಅಂಗಡಿಯವನೂ ನಾವೂ ಸೇರಿ ಕಿವಿ ಮಡಿಸಿ ತೆಗೆದೆವು. ಆ ಮಂಚ ಅಲ್ಲೇ ರಿಜೆಕ್ಟ್.

ಕೊನೆಗೆ ಊರಿನಲ್ಲೇ ಮರಗೆಲಸದ ರಫೀಕ್ ಭಾಯಿಯ ಹತ್ತಿರ ಮಾಡಿಸುವುದೆಂದು ಆಯಿತು. ಕಟಕಟೆ ಎತ್ತರ ಇರಲಿ, ಪಟ್ಟಿಗಳ ನಡುವೆ ಮಗುವಿನ ತಲೆ ಹೋಗಬಾರದು, ಏಣಿ ಓರೆಯಾಗಿರಲಿ, ಮೆಟ್ಟಿಲು ಅಗಲ ಇರಲಿ, ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿ, ಬುಡ ಅಲ್ಲಾಡದ ಹಾಗೆ ಕೆಳಗಿನ ಮಂಚ ಮೇಲಿನದಕ್ಕಿಂತ ಅಗಲ ಇರಲಿ ಎಂದು ನಾನು ಹೇಳುತ್ತಲೇ ಹೋದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಅರೆ ಮೇಡಂ, ಮಂಚ ಮಾಡ್ಸ್ತಾ ಇದೀರಾ, ಜೈಲ್ ಮಾಡ್ಸ್ತಾ ಇದೀರಾ?" ಎಂದರು. "ನಮ್ಮ ಕಳ್ಳರನ್ನ ನೀವು ನೋಡಿಲ್ಲ ಭಾಯಿ, ಜೈಲೇ ಮಾಡ್ಕೊಡಿ" ಎಂದೆ. ಎತ್ತರದ ಕಟಕಟೆ ಚೆಂದ ಕಾಣುವುದಿಲ್ಲ ಎಂದು ಅವರು ಕೊನೆಯವರೆಗೂ ವಾದಿಸಿದರು. ನಾನು ಬಿಡಲಿಲ್ಲ.

ಮಂಚ ಬಂತು. ಫ್ಯಾನಿನಿಂದ ದೂರ, ಗೋಡೆಗೆ ಒತ್ತಿ ನಿಲ್ಲಿಸಿದೆವು. ಅತ್ತೆ ನಾಲ್ಕೂ ಕಾಲಿಗೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗಿದರು. ಸ್ಪಾಂಜ್ ಹಾಸಿಗೆ ಉಷ್ಣ, ಮೊಮ್ಮಕ್ಕಳಿಗೆ ಬೇಡವೇ ಬೇಡ ಎಂದು ಹತ್ತಿ ತುಂಬಿಸಿದ ಎರಡು ಹಾಸಿಗೆಗಳನ್ನು ತಾವೇ ನಿಂತು ಮಾಡಿಸಿ ತಂದಿದ್ದರು. ಅವರ ಪ್ರೀತಿಯೆಲ್ಲ ಹತ್ತಿಯಾಗಿ ಒಳಗೆ ಸೇರಿತ್ತೋ ಏನೋ, ಹಾಸಿಗೆ ಎಂದರೆ ಹಾಸಿಗೆಯಲ್ಲ, ಉಬ್ಬಿದ ಪೂರಿ. ಮೇಲೆ ಹಾಸಿ ನೋಡಿದರೆ ನಾನು ಜಗಳವಾಡಿ ಎತ್ತರ ಮಾಡಿಸಿದ್ದ ಕಟಕಟೆ ಹಾಸಿಗೆಯೊಳಗೇ ಮುಳುಗಿಹೋಗಿತ್ತು! ಮೇಲೆ ತೆಳು ಹಾಸಿಗೆ ತರುವವರೆಗೆ ಯಾರೂ ಹತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ತೆಳು ಹಾಸಿಗೆ ಬಂದಮೇಲೆ ಹರ್ಷಿತಾ ಮೇಲೆ, ತೇಜು ಕೆಳಗೆ ಎಂದು ಏರ್ಪಾಡು. ಐದು ವರ್ಷದ ಮಗುವನ್ನು ಮೇಲೆ ಮಲಗಿಸುವ ಮಾತೇ ಇಲ್ಲ.

ಅಷ್ಟು ಹೊತ್ತೂ ಮಂಚದ ಮುಂದೆ ಆ ಕಡೆ ಈ ಕಡೆ ಓಡಾಡುತ್ತಿದ್ದ ಅತ್ತೆ ನಿಂತರು. ಮೇಲೆ ನೋಡಿದರು, ಕೆಳಗೆ ನೋಡಿದರು. "ಅಲ್ಲ ಕಣಮ್ಮ, ಅವ್ಳು ಮೇಲೆ ಮಲಗುದ್ರೆ ದಿನಾ ಅವನ್ನ ದಾಟ್ದಂಗೆ ಆಗಲ್ವಾ?" ಎಂದರು.

ನಾನು ನಗಬೇಕೆಂದುಕೊಂಡೆ. ಅಷ್ಟರಲ್ಲಿ ತೇಜುವಿನ ಮುಖ ಕಂಡಿತು. ಹುಡುಗ ಬಿಳಿಚಿಕೊಂಡುಬಿಟ್ಟಿದ್ದ.

ಅವನ ಸಂಕಟ ಏನೆಂದು ಹೇಳಬೇಕು. ತೇಜು ತರಗತಿಯಲ್ಲೆಲ್ಲ ಕುಳ್ಳ. ಶಾಲೆಯ ಪ್ರಾರ್ಥನೆಯಲ್ಲಿ ಕುಳ್ಳಗಿರುವವರನ್ನು ಮುಂದೆ ನಿಲ್ಲಿಸುತ್ತಾರಲ್ಲ, ಅವನು ಸೇರಿದ ದಿನದಿಂದ ಸಾಲಿನ ಮೊದಲಿಗ. ಶಾಲೆಯ ನಾಟಕದಲ್ಲಿ ಗೆಳೆಯರೆಲ್ಲ ಸೈನಿಕರು, ಇವನು ಮೊಲ. ಹುಡುಗರು ಅವನನ್ನು ಹಾಫ್ ಟಿಕೆಟ್ ಎಂದು ಕರೆಯುತ್ತಿದ್ದರು. ಅವನು ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಅಮ್ಮ, ಬೆಳೆದ್ನಾ ನೋಡು" ಎನ್ನದ ದಿನವಿರಲಿಲ್ಲ. ಅಂಥವನ ಕಿವಿಗೆ ಅತ್ತೆಯ ಮಾತು ಬಿದ್ದಿತ್ತು.

"ನಾನು ಕೆಳಗೆ ಮಲಗಲ್ಲ" ಎಂದ. ಅಷ್ಟೇ, ಮುಗಿಯಿತು.

ಅವರಪ್ಪ ವಕೀಲಿಕೆಗೆ ಇಳಿದರು. "ನೋಡೋ ತೇಜು, ಅಕ್ಕ ರಾತ್ರಿ ಹತ್ತುತ್ತಾಳೆ ತಾನೆ? ಬೆಳಗ್ಗೆ ಅದೇ ಏಣೀಲಿ ಇಳೀತಾಳೆ ತಾನೆ? ದಾಟಿದ್ದು ವಾಪಸ್ ದಾಟಿದಂಗೆ ಆಯ್ತಲ್ಲೋ!" ನನಗಂತೂ ಈ ವಾದ ಬಹಳ ಮೆಚ್ಚುಗೆಯಾಯಿತು. ತೇಜು ಸ್ವಲ್ಪ ಯೋಚಿಸಿದ. "ಮಧ್ಯದಲ್ಲಿ ರಾತ್ರಿಯೆಲ್ಲಾ ಅಲ್ಲೇ ಇರ್ತಾಳಲ್ಲ, ಆವಾಗ?" ಎಂದ. ವಕೀಲರು ಪೇಪರ್ ಎತ್ತಿಕೊಂಡು ಹೊರಟರು.

ನಾನು ಅನುಭವದ ಸಾಕ್ಷಿ ಹೇಳಿದೆ. "ಚಿನ್ನಾ, ಅದೆಲ್ಲಾ ಸುಳ್ಳು. ನಮ್ಮಣ್ಣಂದಿರು ನನ್ನ ಎಷ್ಟು ಸಲ ದಾಟಿದಾರೆ ಗೊತ್ತಾ? ನಂಗೇನಾದ್ರೂ ಆಯ್ತಾ?" ಮಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಮೇಲಿನ ಶೆಲ್ಫಿನ ಡಬ್ಬ ತೆಗೆಯಲು ನನಗೆ ಸ್ಟೂಲ್ ಬೇಕು. ಬಸ್ಸಿನಲ್ಲಿ ಮೇಲಿನ ಕಂಬಿ ನನಗೆ ಬರೀ ನೋಡುವುದಕ್ಕೆ. "ಅದಕ್ಕೇನಾ ನೀನು ಹಿಂಗಿರೋದು?" ಎಂದು ಬಾಯಿಗೆ ಕೈ ಇಟ್ಟುಕೊಂಡು ಅಳಲು ಶುರು ಮಾಡಿದ. ಹರ್ಷಿತಾ ಬಿದ್ದು ಬಿದ್ದು ನಕ್ಕಳು. ಅವಳಿಗೊಂದು ಕೊಟ್ಟೆ. ಅವಳೂ ಅತ್ತಳು.

ಹೀಗೆ ಹೊಸ ಮಂಚ ಖಾಲಿ ನಿಂತಿತು. ನೆಲದ ಮೇಲೆ ಹಳೆಯ ಹಾಗೆಯೇ ಮೂವರೂ ಮಲಗಿದರು. ಅತ್ತೆಯ ಮೇಲೆ ನನಗೆ ಕೋಪ ಬಂದಿತ್ತು, ಮುಚ್ಚಿಡುವುದೇಕೆ? ಮಕ್ಕಳು ಪಕ್ಕದಿಂದ ಹೋಗುವುದು ಇಷ್ಟವಿಲ್ಲದೆ ಈ ಶಾಸ್ತ್ರ ತೆಗೆದರು ಎಂದೇ ಅಂದುಕೊಂಡಿದ್ದೆ.

ಮಂಚ ಬಂದ ವಾರದ ಭಾನುವಾರ; ತೆಳು ಹಾಸಿಗೆ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಅವರಪ್ಪನಿಗೆ ಡ್ಯೂಟಿ. ಹರ್ಷಿತಾ ಪಕ್ಕದ ಮನೆಯಲ್ಲಿದ್ದಳು. ಅತ್ತೆ ಮಂಚದ ಕೋಣೆಯಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದರು, ನಾನು ಬಟ್ಟೆ ತೆಗೆಯಲು ಮೇಲೆ ತಾರಸಿಗೆ ಹೋದೆ. ಬಟ್ಟೆಯ ರಾಶಿ ಹೊತ್ತು ಇಳಿದು ಬಂದರೆ ಅತ್ತೆ ಮಂಚದ ಪಕ್ಕ ನಿಂತಿದ್ದಾರೆ, ಎರಡೂ ಕೈ ಮೇಲಕ್ಕೆ. ನೆಲದ ತುಂಬ ಅವರೆಕಾಳು ಚೆಲ್ಲಾಡಿದೆ. ತಲೆ ಎತ್ತಿ ನೋಡಿದೆ. ತೇಜು! ಅತ್ತೆ ನೀರು ಕುಡಿಯಲು ಎದ್ದುಹೋದಾಗ ಸದ್ದಿಲ್ಲದೆ ಹತ್ತಿ, ಆ ಉಬ್ಬಿದ ಹಾಸಿಗೆಯ ಮೇಲೆ ನಿದ್ದೆ ಹೋಗಿದ್ದಾನೆ. ನಿದ್ದೆಯಲ್ಲಿ ಹೊರಳಿ ಸೊಂಟದಿಂದ ಕೆಳಗೆಲ್ಲ ಕಟಕಟೆಯ ಆಚೆಗೆ ಜೋತುಬಿದ್ದಿದೆ. ಆ ಭಾರವನ್ನೆಲ್ಲ ಕೆಳಗಿನಿಂದ ಅತ್ತೆ ಎರಡು ಅಂಗೈಯಲ್ಲಿ ಹಿಡಿದು ನಿಂತಿದ್ದಾರೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಬೇಡ ಎಂದು ತಲೆ ಆಡಿಸಿದರು. ಕೂಗಿದರೆ ಬೆಚ್ಚಿ ಬೀಳುತ್ತಾನೆ ಎಂದು ಅವರೂ ನನ್ನನ್ನು ಕರೆದಿರಲಿಲ್ಲ. ನಾನು ಏಣಿ ಹತ್ತಿ ಅವನ ತೋಳಿನಡಿ ಕೈ ಹಾಕಿ ಒಳಕ್ಕೆ ಎಳೆದುಕೊಂಡೆ. ಎಚ್ಚರವೇ ಆಗಲಿಲ್ಲ ಪುಣ್ಯಾತ್ಮನಿಗೆ. ಅತ್ತೆ ಕೈ ಇಳಿಸಿದರು. ಹಾಗೇ ಕಾಳಿನ ನಡುವೆ ಕುಸಿದು ಕೂತರು. ಅಂಥ ಗಟ್ಟಿ ಹೆಂಗಸು ಅಳುವುದನ್ನು ನಾನು ಮೊದಲು ನೋಡಿದ್ದು ಅವತ್ತೇ.

"ನಾನ್ ಆಡಿದ್ ಮಾತು ಕಣಮ್ಮ ಅವನ್ನ ಮೇಲ್ ಹತ್ತಿಸಿದ್ದು" ಎಂದರು.

ನನ್ನ ಕೋಪ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು, "ಅತ್ತೆ, ನೀವೇ ಹೇಳ್ಬಿಡಿ ಅವನಿಗೆ. ದಾಟಿದ್ರೆ ಬೆಳೆಯಲ್ಲ ಅನ್ನೋದು ಸುಳ್ಳು ಅಂತ. ನಿಮ್ಮ ಮಾತು ಕೇಳ್ತಾನೆ" ಎಂದೆ.

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. "ಸುಳ್ಳು ಅಂತ ಹೆಂಗಮ್ಮ ಹೇಳ್ಲಿ? ಸುಳ್ಳಲ್ವಲ್ಲ!"

ಇಬ್ಬರೂ ಸೇರಿ ಅವರೆಕಾಳು ಆಯ್ದೆವು.

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ತಮ್ಮ ದಿಂಬು, ಕಂಬಳಿ ಎತ್ತಿಕೊಂಡು ಬಂದು ಕೆಳಗಿನ ಮಂಚದ ಮೇಲೆ ಇಟ್ಟರು. ತಲೆ ಬಗ್ಗಿಸಿಕೊಂಡು ಒಳಗೆ ತೂರಿ, ಕಾಲು ಮಡಿಸಿ, ಗೋಡೆ ಕಡೆಗೆ ಸರಿದು ಮಲಗಿ ನೋಡಿದರು. ಅಗಲ ಮಾಡಿಸಿದ್ದ ಮಂಚ, ಪಕ್ಕದಲ್ಲಿ ಒಂದು ಮಗುವಿಗೆ ಧಾರಾಳ ಜಾಗ ಉಳಿದಿತ್ತು. "ಬಾರೋ ಇಲ್ಲಿ" ಎಂದು ತೇಜುವನ್ನು ಕರೆದರು.

"ದೊಡ್ಡೋರು ಚಿಕ್ಕೋರು ಜೊತೇಲಿ ಮಲಗಿದ್ದಾಗ ದಾಟುದ್ರೆ, ಅದು ದೊಡ್ಡೋರ್ಗೆ ತಟ್ಟೋದು. ಮಗೀಗೆ ತಟ್ಟಾಕಿಲ್ಲ."

"ನಿಜವಾಗ್ಲೂನಾ?"

"ನಮ್ಮಜ್ಜಿ ಹೇಳಿದ್ದು. ಅವ್ರೇನು ಸುಳ್ಳು ಹೇಳ್ತಾರಾ?"

ಹುಡುಗ ಹತ್ತಿರ ಹೋದ, ಆದರೆ ಹತ್ತಲಿಲ್ಲ. "ನಿಂಗೇನೂ ಆಗಲ್ವಾ ಅಜ್ಜಿ?"

"ಏ ಹೋಗ್ಲಾ. ನಾನು ಬೆಳೆದಾಗದೆ, ಇನ್ನೆಷ್ಟು ಬೆಳೀಲಿ? ನನ್ನ ಪಾಲಿಂದು ಮುಗ್ದದೆ. ನಿನ್ ಪಾಲಿಂದೂ ನಂಗೇ ಬರ್ಲಿ ಬಾ."

ಬಾಗಿಲಲ್ಲಿ ನಿಂತಿದ್ದ ನಾನು ನಗು ತಡೆದುಕೊಂಡು ಅಡುಗೆಮನೆಗೆ ಓಡಿದೆ. ಎಂಥಾ ಜಾಣೆ ನಮ್ಮತ್ತೆ! ಅವರ ಅಜ್ಜಿಯಂತೆ, ಹೇಳಿದ್ದರಂತೆ! ನಾನೂ ಆ ಶಾಸ್ತ್ರವನ್ನು ಕೇಳಿಯೇ ಬೆಳೆದವಳು. ಜೊತೆಗೆ ಮಲಗಿದ ದೊಡ್ಡವರಿಗೆ ತಟ್ಟುತ್ತದೆ ಎನ್ನುವ ಕಲಮು ಯಾವ ಹಳ್ಳಿಯ ಯಾವ ಮನೆಯಲ್ಲೂ ಕೇಳಿರಲಿಲ್ಲ. ಶಾಸ್ತ್ರವನ್ನೂ ಬಿಡಲಿಲ್ಲ, ಮೊಮ್ಮಗನನ್ನೂ ಬಿಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಇದಕ್ಕೇ. ಮೇಲೆ ತೆಳು ಹಾಸಿಗೆ ಬಂತು, ಹರ್ಷಿತಾ ಹತ್ತಿದಳು. ಕೆಳಗೆ ಉಬ್ಬಿದ ಹತ್ತಿ ಹಾಸಿಗೆಯ ಮೇಲೆ ಅಜ್ಜಿ ಮೊಮ್ಮಗ. ಈ ಉಪಾಯದ ಕಥೆಯನ್ನು ನಾನು ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಎಷ್ಟು ಜನಕ್ಕೆ ಹೇಳಿ ನಗಿಸಿದ್ದೇನೋ.

ಆ ಮಂಚದಲ್ಲಿ ಮಕ್ಕಳು ಬೆಳೆದರು. ಮೇಲಿನಿಂದ ಹರ್ಷಿತಾ ಜಡೆ ಇಳಿಬಿಟ್ಟು ತಮ್ಮನನ್ನು ಕಾಡುವುದು, ಕೆಳಗಿನಿಂದ ಅವನು ಹಲಗೆಗೆ ಒದೆಯುವುದು, ನಡುವೆ ಅತ್ತೆಯ ಕಥೆ. ಈಗ ಹರ್ಷಿತಾ ತುಮಕೂರಿನಲ್ಲಿ ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಾಳೆ. ಅವಳ ಜಾಗಕ್ಕೆ ತೇಜು ಹತ್ತಿದ್ದಾನೆ. ಅತ್ತೆ ಮಾತ್ರ ಕೆಳಗೇ.

ಇಷ್ಟು ನೆನೆಸಿಕೊಳ್ಳುವ ಹೊತ್ತಿಗೆ ಎರಡನೆಯ ದೋಸೆಯೂ ಸೀದಿತ್ತು. ವಾಸನೆಗೆ ಎದ್ದು ಬಂದ ತೇಜು ನನ್ನ ಭುಜದ ಮೇಲಿಂದ ಬಗ್ಗಿ ಫೋನು ನೋಡಿದ. ಬಗ್ಗಲೇಬೇಕು, ಹದಿನೈದಕ್ಕೇ ಅವರಪ್ಪನಿಗಿಂತ ಎತ್ತರ ಬೆಳೆದು ನಿಂತಿದ್ದಾನೆ. ಪ್ಯಾಂಟು ತಂದ ಮೂರು ತಿಂಗಳಿಗೆ ಗಿಡ್ಡವಾಗುತ್ತದೆ. ರೂಪತ್ತೆಯ ಬಸ್ಸಿನ ಮಂಚ ಕಂಡು ಅವನಿಗೆ ನಗುವೋ ನಗು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಕಾಫಿಗೆ ಬಂದರು. ಅವರ ಬೆನ್ನು ಬಾಗಿ ಎರಡು ಮೂರು ವರ್ಷವಾಯಿತು. ವಯಸ್ಸಿಗೆ ಮೂಳೆ ಸವೆಯುತ್ತದೆ ಎಂದು ಡಾಕ್ಟರು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಈಗ ನಾನೇ ಅವರಿಗಿಂತ ಒಂದು ಬೆರಳು ಎತ್ತರ.

ತೇಜು ಅವರ ಪಕ್ಕ ಹೋಗಿ ನಿಂತು, ತನ್ನ ಎದೆಯ ಹತ್ತಿರ ಬರುವ ಅವರ ತಲೆಯ ಮೇಲೆ ಕೈ ಇಟ್ಟ. "ಅಜ್ಜಿ, ನೋಡು! ಆವತ್ತು 'ನಿನ್ ಪಾಲಿಂದೂ ನಂಗೇ ಬರ್ಲಿ' ಅಂದಿದ್ಯಲ್ಲ? ಬಂದೇಬಿಟ್ಟೈತೆ ಕಣಜ್ಜಿ, ಕುಳ್ಳಿ ಆಗ್ಬಿಟ್ಟೆ ನೀನು!"

ತಮಾಷೆಗೆ ಅಂದದ್ದು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಕತ್ತು ಎತ್ತಿ, ಎತ್ತಿ, ಮೊಮ್ಮಗನ ಮುಖ ಸಿಗುವವರೆಗೂ ಎತ್ತಿ ನೋಡಿದರು. ಅವರ ಮುಖದಲ್ಲಿದ್ದ ಸಮಾಧಾನವನ್ನು ನಾನು ಹೇಗೆ ಹೇಳಲಿ?

"ಬರ್ದೆ ಇನ್ನೇನು? ಅಷ್ಟು ವರ್ಷ ಸುಮ್ಕೆ ಮಲಗಿದ್ನಾ ನಾನು?" ಎಂದರು.

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಉಪಾಯವಲ್ಲ. ಇಷ್ಟು ವರ್ಷ ನಾನು ಉಪಾಯ ಎಂದು ಊರೆಲ್ಲ ಹೇಳಿಕೊಂಡು ನಕ್ಕದ್ದು ಉಪಾಯವೇ ಅಲ್ಲ. ಅವರು ನಂಬಿದ್ದರು. ನಂಬಿಕೊಂಡೇ, ತಟ್ಟುತ್ತದೆ ಎಂದು ತಿಳಿದೇ, ದಿನಾ ರಾತ್ರಿ ತಲೆ ಬಗ್ಗಿಸಿ ಒಳಗೆ ತೂರಿ ಮಲಗಿದ್ದರು. ಬಾಗಿದ ಬೆನ್ನಿಗೆ ಮಾತ್ರೆ ನುಂಗುವಾಗಲೂ ಅವರ ಲೆಕ್ಕದಲ್ಲಿ ಅದು ಮೊಮ್ಮಗನ ಎತ್ತರವೇ ಆಗಿತ್ತು.

ತೇಜುವಿನ ನಗುವೂ ನಿಂತಿತ್ತು. ಅವನು ಸೀದಾ ಕೋಣೆಗೆ ಹೋದ. ದಡಾರ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಮೇಲಿನ ಹಾಸಿಗೆ ಎಳೆದು ನೆಲಕ್ಕೆ ಹಾಕಿದ್ದಾನೆ, ಅಜ್ಜಿಯ ಮಂಚದ ಪಕ್ಕದಲ್ಲಿ. "ಇವತ್ತಿಂದ ನಾನು ಇಲ್ಲೇ ಮಲಗೋದು. ಮೇಲೆ ಯಾರೂ ಬೇಡ" ಎಂದ.

"ಏಯ್, ನಿನ್ ಕಾಲು ಬಾಗಿಲಿಂದಾಚೆಗೆ ಬರ್ತವೆ. ರಾತ್ರಿ ನಾನೆದ್ರೆ ನಿನ್ನ ದಾಟ್ಕೊಂಡ್ ಹೋಗ್ಬೇಕಾ? ತೆಗ್ಯೋ ಅದ್ನ!" ಎಂದು ಅತ್ತೆ ಕಾಫಿ ಲೋಟ ಹಿಡಿದುಕೊಂಡೇ ಗದರಿದರು.

"ದಾಟಜ್ಜಿ, ಪರ್ವಾಗಿಲ್ಲ. ನಾನು ಬೆಳೆದಾಗಿದೆ" ಎಂದ ಅವನು.

ನಾನು ಅಡುಗೆಮನೆಗೆ ಬಂದು ರೂಪಾಳಿಗೆ ಉತ್ತರ ಬರೆದೆ. ಕಟಕಟೆ ಹಾಸಿಗೆಯ ಮೇಲೆ ಒಂದು ಮೊಳವಾದರೂ ಎದ್ದಿರಲಿ. ಮೇಲಿನ ಹಾಸಿಗೆ ತೆಳ್ಳಗಿರಲಿ. ಏಣಿ ಓರೆ ಇರಲಿ, ಫ್ಯಾನು ದೂರ ಇರಲಿ, ಚಿಕ್ಕವನು ಕೆಳಗೇ ಮಲಗಲಿ. ಬಸ್ಸು ಗಿಸ್ಸು ಬೇಡ. ಕಳಿಸಿದ ಮೇಲೆ ಇನ್ನೊಂದು ಮಾತು ಬಾಕಿ ಇದೆ ಎನ್ನಿಸಿ ಮತ್ತೆ ಬರೆದೆ: "ಚಿಕ್ಕವನ ಜೊತೆ ಕೆಳಗೆ ಮಲಗೋಕೆ ಯಾರಾದ್ರೂ ಬೇಕು ಅಂದ್ರೆ ನೀನೇ ಮಲ್ಕೋ ರೂಪಾ. ನಿಮ್ಮಮ್ಮನ್ನ ಮಾತ್ರ ಕೇಳ್ಬೇಡ, ಕಳಿಸಲ್ಲ."